ಕೋಸ್ಟಾ ರಿಕಾ: ಹೊರಡುವುದಕ್ಕೆ ಮುನ್ನ

ಪ್ರಯಾಣದ ಅರ್ಧ ಸುಖವು ಹೊರಡುವುದಕ್ಕೆ ಮೊದಲೇ ಮನೆಯ ಜಗಲಿಯ ಮೇಲೆ ದೊರೆಯುವುದೆಂಬುದನ್ನು ನಾನು ಈ ವರ್ಷ ಅರಿತೆನು. ನಾನಾಗಲಿ ನನ್ನ ಹೆಂಡತಿಯಾಗಲಿ ಇದುವರೆಗೆ ಸಮುದ್ರವನ್ನು ದಾಟಿದವರಲ್ಲ. ಹಲವು ವರ್ಷ ಕೂಡಿಟ್ಟ ಹಣವು ಒಂದೇ ದೂರಪ್ರಯಾಣಕ್ಕೆ ಸಾಲುವಷ್ಟಿದೆ. ಎರಡನೆಯದಕ್ಕೆ ಹಣವೂ ಉಳಿಯದು, ಮೊಣಕಾಲೂ ಒಪ್ಪದು. ಆದುದರಿಂದ ಆ ಒಂದರ ವಿಚಾರವು ನಮ್ಮ ಮನೆಯಲ್ಲಿ ಮೂರು ತಿಂಗಳು ನಡೆಯಿತು.

ನಾವು ಆರಿಸಿಕೊಂಡುದು ಮಧ್ಯ ಅಮೆರಿಕದ ಕೋಸ್ಟಾ ರಿಕಾ. ಒಂದು ಪಕ್ಕದಲ್ಲಿ ಪೆಸಿಫಿಕ್ ಸಾಗರ, ಇನ್ನೊಂದು ಪಕ್ಕದಲ್ಲಿ ಕೆರಿಬಿಯನ್ ಸಮುದ್ರ; ನಡುವೆ ಅಗ್ನಿಪರ್ವತಗಳ ಸಾಲು. ವಿಸ್ತೀರ್ಣವು ಸುಮಾರು 51,100 ಚದರ ಕಿಲೋಮೀಟರು, ಎಂದರೆ ಕರ್ನಾಟಕದ ಕಾಲುಭಾಗಕ್ಕಿಂತ ತುಸು ಹೆಚ್ಚು. 1948ರಲ್ಲಿ ಸೈನ್ಯವನ್ನು ರದ್ದುಮಾಡಿ, ಮರುವರ್ಷದ ಸಂವಿಧಾನದಲ್ಲಿ ಆ ನಿರ್ಧಾರವನ್ನು ಬರೆದಿಟ್ಟ ದೇಶವಿದು.

ದೇಶದ ವಿಷಯದಲ್ಲಿ ಒಮ್ಮತವಾದರೂ ತಿಂಗಳಿನ ವಿಷಯದಲ್ಲಿ ಭೇದವುಂಟಾಯಿತು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಬೆಳೆದ ನನಗೆ, ಹಣ್ಣು ಕೆಂಪೇರಿದ ಅಲ್ಲಿಯ ತೋಟಗಳನ್ನು ನೋಡಬೇಕೆಂಬ ಆಸೆ. ರಾಜಧಾನಿಯಾದ ಸ್ಯಾನ್ ಹೋಸೇಯ ಸುತ್ತಣ ಕಣಿವೆಯಲ್ಲಿ ಕೊಯ್ಲು ನಮ್ಮಲ್ಲಿಯಂತೆಯೇ ಚಳಿಗಾಲದಲ್ಲಿ ನಡೆಯುವುದು. ಡಿಸೆಂಬರಿನಿಂದ ಏಪ್ರಿಲಿನವರೆಗೆ ಪೆಸಿಫಿಕ್ ಕಡೆ ಮಳೆಯೂ ಇಲ್ಲ. ನನ್ನ ಹೆಂಡತಿಯಾದರೋ ಹೊನ್ನಾವರದ ಕಡೆಯವಳು. ಬಾಲ್ಯದಲ್ಲಿ ಮರಳಿನ ಮೇಲೆ ಕಡಲಾಮೆಯು ಮೊಟ್ಟೆಯಿಡುವುದನ್ನು ಕಂಡವಳು. ಕೆರಿಬಿಯನ್ ದಡದ ಟೋರ್ಟುಗೇರೋ ಎಂಬಲ್ಲಿಗೆ ಹಸುರು ಕಡಲಾಮೆಗಳು ಮೊಟ್ಟೆಯಿಡಲು ಗುಂಪುಗುಂಪಾಗಿ ಬರುವುವೆಂದು ಓದಿದಂದಿನಿಂದ ಅವಳ ಮನಸ್ಸು ಅಲ್ಲಿಯೇ ನೆಟ್ಟಿದೆ. ಅವು ಬರುವುದು ಜುಲೈಯಿಂದ ಅಕ್ಟೋಬರಿನವರೆಗೆ. ಎರಡೂ ಆಸೆಗಳು ಒಂದೇ ಪ್ರಯಾಣದಲ್ಲಿ ಕೈಗೂಡಲಾರವು.

ಈ ನಡುವೆ ನಾನು ಹನ್ನೆರಡು ದಿನಗಳಿಗೆ ಒಂಬತ್ತು ಊರುಗಳ ಪಟ್ಟಿಯೊಂದನ್ನು ಸಿದ್ಧಮಾಡಿದೆನು. ಅದನ್ನು ನೋಡಿ ಅವಳು, “ಅಲ್ಲಿಗೆ ಹೋಗುವುದು ನೋಡುವುದಕ್ಕೋ, ಎಣಿಸುವುದಕ್ಕೋ?” ಎಂದಳು. ಭೂಪಟವನ್ನು ಮತ್ತೆ ಪರೀಕ್ಷಿಸಿದೆನು. ಸ್ಯಾನ್ ಹೋಸೇಯಿಂದ ಮಾಂಟೆವೆರ್ಡೆಯ ಮಂಜುಗಾಡಿಗೆ ದೂರವು ನೂರೈವತ್ತು ಕಿಲೋಮೀಟರಿನೊಳಗೇ ಇದ್ದರೂ, ಬೆಟ್ಟದ ದಾರಿಯಾದುದರಿಂದ ಹಲವು ಗಂಟೆಗಳೇ ಬೇಕು. ಟೋರ್ಟುಗೇರೋ ಗ್ರಾಮಕ್ಕಂತೂ ರಸ್ತೆಯೇ ಇಲ್ಲ. ಕಾಲುವೆಗಳಲ್ಲಿ ದೋಣಿಯಿಂದಲೋ, ಚಿಕ್ಕ ವಿಮಾನದಿಂದಲೋ ಹೋಗತಕ್ಕದ್ದು. ಆರು ಊರುಗಳನ್ನು ಹೊಡೆದುಹಾಕಿದೆನು. ಮೂರು ಉಳಿದುವು: ಸ್ಯಾನ್ ಹೋಸೇ, ಮಾಂಟೆವೆರ್ಡೆ, ಟೋರ್ಟುಗೇರೋ. ತಿಂಗಳೂ ನಿರ್ಧಾರವಾಯಿತು: ಜುಲೈ. ಆಗ ಪೆಸಿಫಿಕ್ ಕಡೆ ಮಳೆಯು ಕೆಲವು ದಿನ ಬಿಡುವು ಕೊಡುವುದುಂಟು. ಕೆರಿಬಿಯನ್ ಕಡೆ ಮಾತ್ರ ಕೊಡೆಯನ್ನು ಮರೆಯುವಂತಿಲ್ಲ. ಕೆಂಪು ಹಣ್ಣಿನ ಆಸೆಯನ್ನು ನಾನು ಬಿಟ್ಟೆನು; ಹಸುರು ಕಾಯಿಯನ್ನಾದರೂ ಕಾಣುವೆನು.

ಇನ್ನು ಭಾಷೆ. ಸ್ಪ್ಯಾನಿಷ್ ಹೆಚ್ಚುಕಡಮೆ ಬರೆದಂತೆಯೇ ಓದುವ ಭಾಷೆಯಾದುದರಿಂದ ಕನ್ನಡಿಗರಿಗೆ ಅಷ್ಟು ಕಠಿನವಲ್ಲ. ನಮ್ಮ ‘ನೀವು’ ಎಂಬಂತೆ ಗೌರವದ ‘ಉಸ್ತೇದ್’ ಎಂಬ ಮಾತನ್ನು ಅಲ್ಲಿ ಮನೆಯವರೊಳಗೂ ಬಳಸುವರು. ವಿಳಾಸ ಹೇಳುವ ಕ್ರಮವೂ ನಮಗೆ ಪರಿಚಿತವೇ: “ಇಗರ್ಜಿಯಿಂದ ದಕ್ಷಿಣಕ್ಕೆ ಇನ್ನೂರು ಮೀಟರು” ಎನ್ನುವರು. ನೂರು ಮೀಟರೆಂದರೆ ಒಂದು ಅಡ್ಡರಸ್ತೆಯಿಂದ ಮುಂದಿನ ಅಡ್ಡರಸ್ತೆಯವರೆಗೆ ಎಂದು ತಿಳಿಯಬೇಕು.

ಸಸ್ಯಾಹಾರಿಗಳಿಗೆ ಒಂದು ಮಾತು. ಅನ್ನಕ್ಕೆ ಕಪ್ಪು ಕಾಳುಗಳನ್ನು ಬೆರಸಿ ಹುರಿದ ‘ಗಾಯೋ ಪಿಂಟೋ’ ಅಲ್ಲಿಯ ಬೆಳಗಿನ ತಿಂಡಿ. ಜೊತೆಗೆ ಹುರಿದ ಬಾಳೆಹಣ್ಣೂ ಇರುವುದುಂಟು. ಆದರೆ ಕಾಳನ್ನು ಹಂದಿಯ ಕೊಬ್ಬಿನಲ್ಲಿ ಬೇಯಿಸಿರಬಹುದು; ಕೇಳಿಯೇ ಉಣ್ಣಬೇಕು. ಮಾಂಸ ಬೇಡವೆಂದು ‘ಸಿನ್ ಕಾರ್ನೆ’ ಎಂದಷ್ಟೇ ಹೇಳಿದರೆ ಕೋಳಿಯೋ ಮೀನೋ ಬಂದೀತು. ಅವುಗಳನ್ನೂ ಹೆಸರಿಸಿ ಬೇಡವೆನ್ನಬೇಕು. ಕಾಫಿಯನ್ನು ಮರದ ಚೌಕಟ್ಟಿಗೆ ತೂಗುಹಾಕಿದ ಬಟ್ಟೆಯ ಚೀಲದಲ್ಲಿ ಸೋಸುವ ಹಳೆಯ ಪದ್ಧತಿ ಅಲ್ಲಿ ಇನ್ನೂ ಉಂಟು. ನನ್ನ ಅಜ್ಜಿಯೂ ಬಟ್ಟೆಯಲ್ಲಿಯೇ ಸೋಸುತ್ತಿದ್ದಳು.

ಕಾಗದಪತ್ರಗಳ ವಿಚಾರದಲ್ಲಿ ಅವಸರವು ಸಲ್ಲದು. ವೀಸಾ ನಿಯಮಗಳು ಬದಲಾಗುತ್ತಿರುವುದರಿಂದ ದಿಲ್ಲಿಯಲ್ಲಿರುವ ಆ ದೇಶದ ರಾಯಭಾರ ಕಚೇರಿಯನ್ನೇ ಕೇಳುವುದು ಲೇಸು. ದಾರಿಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ವಿಮಾನವನ್ನು ಬದಲಾಯಿಸುವವರಿಗೆ ಆ ದೇಶದ ವೀಸಾ ಸಹ ಬೇಕು. ಕೋಸ್ಟಾ ರಿಕಾದ ಗಡಿಯಾರವು ನಮ್ಮದಕ್ಕಿಂತ ಹನ್ನೊಂದೂವರೆ ಗಂಟೆ ಹಿಂದೆ. ತಲುಪಿದ ಮೊದಲ ದಿನವನ್ನು ನಿದ್ರೆಗೆಂದೇ ಮೀಸಲಿಟ್ಟಿದ್ದೇವೆ.

ಟೋರ್ಟುಗೇರೋದಲ್ಲಿ ರಾತ್ರಿಯ ಹೊತ್ತು ದಡಕ್ಕೆ ಮಾರ್ಗದರ್ಶಕನೊಡನೆಯೇ ಹೋಗಬೇಕು, ಚಿತ್ರ ತೆಗೆಯುವಂತಿಲ್ಲ. ಅಂದು ಆಮೆಯು ಬರುವುದೋ ಇಲ್ಲವೋ, ಅದು ನಮ್ಮ ಕೈಯಲ್ಲಿಲ್ಲ. “ಬಾರದಿದ್ದರೆ?” ಎಂದು ನಾನು ಕೇಳಿದೆನು. “ಮರುದಿನ ರಾತ್ರಿಯೂ ಕಾದಿರೋಣ, ಅದಕ್ಕಾಗಿಯೇ ಅಲ್ಲವೆ ಆರು ಊರುಗಳನ್ನು ಬಿಟ್ಟುದು?” ಎಂದಳು.