ಎಲ್ಲರ ಸೊತ್ತಿಗೆ ಕಾವಲು ಯಾರು?

ಅಜ್ಜಂಪುರದ ಸೀಮೆಯವರಿಗೆ ‘ಕಾವಲು’ ಎಂಬ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ, ಅದರ ಹುಲ್ಲುಗಾವಲು, ನೀಳ ಕೊಂಬಿನ ಬೂದು ಬಣ್ಣದ ರಾಸುಗಳು ನಮ್ಮ ಬಾಲ್ಯದಿಂದಲೂ ಕಣ್ಣಿಗೆ ಕಟ್ಟಿದ ನೋಟ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿದ್ದ ಇಲಾಖೆಗೆ ಟಿಪ್ಪು ಸುಲ್ತಾನನು ಅಮೃತಮಹಲ್ ಎಂಬ ಹೆಸರನ್ನಿತ್ತನು. ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ, ಋತುವಿಗೆ ತಕ್ಕಂತೆ ಮಂದೆಗಳನ್ನು ಸಾಗಿಸುತ್ತಿದ್ದರು. ಒಂದೆಡೆ ರಾಸುಗಳು ಮೇಯುತ್ತಿದ್ದರೆ ಇನ್ನೊಂದೆಡೆ ಹುಲ್ಲು ಚಿಗುರುತ್ತಿತ್ತು. ಯಾವ ನೆಲ ಯಾವುದಕ್ಕೆ ಮೀಸಲು, ಅದನ್ನು ಯಾವಾಗ ಬಳಸಬೇಕು, ಯಾರು ಕಾಯಬೇಕು ಎಂಬುದು ನಿಶ್ಚಿತವಾಗಿದ್ದುದೇ ಆ ವ್ಯವಸ್ಥೆಯ ಜೀವಾಳ.

ಇದನ್ನು ಬರೆಯುವ ನಮ್ಮ ಕೈಯೂ ಶುದ್ಧವಲ್ಲ. ನೌಕರಿಯ ನಿಮಿತ್ತ ನೆಲೆಸಿದ ಬೇರೊಂದು ಊರಿನಲ್ಲಿ ಮನೆ ಕಟ್ಟಿಸುವಾಗ ಎದುರಿನ ಖಾಲಿ ಜಾಗದಲ್ಲಿ ಜಲ್ಲಿ, ಮರಳು, ಇಟ್ಟಿಗೆಗಳನ್ನು ರಾಶಿ ಹಾಕಿಸಿದೆವು. ಬಡಾವಣೆಯ ನಕ್ಷೆಯಲ್ಲಿ ಅದು ಉದ್ಯಾನಕ್ಕೆಂದು ಬಿಟ್ಟ ಜಾಗವೆಂಬುದು ನಮಗೆ ತಿಳಿದೇ ಇತ್ತು. ಯಾರೂ ಕೇಳಲಿಲ್ಲ. ಮನೆ ಮುಗಿಯಿತು, ಮಿಕ್ಕ ರಾಶಿ ಅಲ್ಲಿಯೇ ಉಳಿಯಿತು. ಒಬ್ಬರು ಕಸ ಸುರಿದರು, ಮತ್ತೊಬ್ಬರು ಗೂಡಂಗಡಿ ಇಟ್ಟರು. ವರ್ಷಗಳ ಬಳಿಕ ಮೊಮ್ಮಗಳು “ಅಜ್ಜಾ, ಆಡೋದಕ್ಕೆ ಎಲ್ಲಿಗೆ ಹೋಗಲಿ?” ಎಂದು ಕೇಳಿದಾಗ ತೋರಿಸಲು ಒಂದು ಸ್ಥಳವಿರಲಿಲ್ಲ. ಅರ್ಜಿ ಹಿಡಿದು ಕಚೇರಿಗೆ ಹೋದರೆ, ಆ ಜಾಗದ ಉಲ್ಲೇಖ ಯಾವ ದಫ್ತರಿನಲ್ಲಿದೆ ಎಂಬುದೇ ಅಲ್ಲಿನವರಿಗೆ ತಿಳಿಯದು. ಗೊಣಗುತ್ತ ಮರಳುವಾಗ ನಮ್ಮ ಇಟ್ಟಿಗೆಯ ರಾಶಿ ಎದುರಾಯಿತು. ಮಾತು ಅಲ್ಲಿಗೇ ನಿಂತಿತು.

ಕಾನೂನಿನ ಕೊರತೆಯಂತೂ ಇಲ್ಲ. ಉದ್ಯಾನ, ಆಟದ ಮೈದಾನ ಹಾಗೂ ಬಯಲು ಜಾಗಗಳ ರಕ್ಷಣೆಗಾಗಿಯೇ ಕರ್ನಾಟಕದಲ್ಲಿ 1985ರ ಅಧಿನಿಯಮವಿದೆ. ಸ್ಥಳೀಯ ಸಂಸ್ಥೆಯು ಅವುಗಳ ಪಟ್ಟಿಯನ್ನು ಸಿದ್ಧಪಡಿಸಬೇಕು. ಅವನ್ನು ಅನ್ಯ ಉದ್ದೇಶಕ್ಕೆ ಬಳಸಕೂಡದು ಎಂಬುದು ಅದರ ತಿರುಳು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳೇ ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಪಕ್ಷವನ್ನು ಎತ್ತಿಹಿಡಿಯಿತು. ನಮ್ಮ ನೆರೆಯ ಕಡೂರು ತಾಲ್ಲೂಕಿನಲ್ಲಿ, ಕೃಷ್ಣಮೃಗಗಳ ನೆಲೆಯಾದ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ವನ್ಯಜೀವಿ ಕಾಯ್ದೆಯ ಪ್ರಕಾರ ಇಂಥ ಪ್ರದೇಶದ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗೂ ಸ್ಥಾನವುಂಟು. ಕಾಯುವ ಹೊಣೆ ಅಧಿಕಾರಿಗಳದ್ದು ಮಾತ್ರವಲ್ಲ, ಊರಿನದೂ ಹೌದೆಂಬುದು ಇದರ ಅರ್ಥ.

ಅಜ್ಜಂಪುರ ಇಂದು ತಾಲ್ಲೂಕು ಕೇಂದ್ರ. ಇಂಥ ಊರುಗಳು ಬೆಳೆಯುವಾಗಲೇ ಎಚ್ಚರ ಬೇಕು. ಪ್ರತಿಯೊಂದು ಉದ್ಯಾನ, ಕೆರೆಯಂಗಳ, ಮೀಸಲು ಜಾಗಕ್ಕೂ ಪುಸ್ತಕದಲ್ಲಿ ಒಂದು ಪುಟವಿರಲಿ. ಸರ್ವೆ ನಂಬರು, ವಿಸ್ತೀರ್ಣ, ಗಡಿಕಲ್ಲು, ಮರಗಳು, ಕೊಳವೆಬಾವಿ, ಬೇಲಿ, ನೋಡಿಕೊಳ್ಳುವವರ ಹುದ್ದೆ ಅದರಲ್ಲಿ ದಾಖಲಾಗಲಿ. ವರ್ಷಕ್ಕೆರಡು ಬಾರಿ ಸ್ಥಳಕ್ಕೆ ಹೋಗಿ ತಾಳೆ ನೋಡಲಿ. ಉದ್ಘಾಟನೆಯ ಖರ್ಚಿಗಿಂತ ಮೊದಲು ನೀರು ಹಾಕುವವನ ಸಂಬಳಕ್ಕೆ ಆಯವ್ಯಯದಲ್ಲಿ ಹಣವಿರಲಿ. ಆ ಪುಟಗಳನ್ನು ನಾಗರಿಕರ ಸಭೆಯಲ್ಲಿ ಗಟ್ಟಿಯಾಗಿ ಓದಲಿ. ಒಕ್ಕಣೆಯ ದಿನ ಕಣದಲ್ಲಿ ರಾಶಿಯನ್ನು ಅಳೆಯದೆ ಎದ್ದುಹೋಗುವ ರೈತನುಂಟೇ? ಊರಿನ ಸೊತ್ತಿಗೂ ಅಷ್ಟೇ ಲೆಕ್ಕ ಸಾಕು.

ನಾವು ಮಾಡಿದ್ದು ಅಲ್ಪ. ಉಳಿದ ಇಟ್ಟಿಗೆ, ಜಲ್ಲಿಗಳನ್ನು ಸ್ವಂತ ಖರ್ಚಿನಲ್ಲಿ ಸಾಗಹಾಕಿಸಿದೆವು. ಅನಂತರವೇ ನೆರೆಹೊರೆಯವರ ಮನೆಬಾಗಿಲಿಗೆ ಹೋಗಿ ಅರ್ಜಿಗೆ ಸಹಿ ಕೇಳಿದೆವು. ಗೂಡಂಗಡಿ ಇನ್ನೂ ಅಲ್ಲಿದೆ, ಅರ್ಜಿಗೆ ಉತ್ತರವೂ ಬಂದಿಲ್ಲ. ಆದರೆ ನಮ್ಮ ರಾಶಿಯಿದ್ದ ಮೂಲೆಯಲ್ಲಿ ಮೊಮ್ಮಗಳು ನೆಟ್ಟ ಬೇವಿನ ಸಸಿ ಎರಡು ಮಳೆಗಾಲವನ್ನು ಕಂಡಿದೆ. ಸಂಜೆ ಅದಕ್ಕೆ ನೀರೆರೆಯುವ ಸರದಿ ನಮ್ಮದು.