ಆಟದ ಗಣಕಯಂತ್ರವೂ ಪರಿಗ್ರಹದ ಪರಿಮಾಣವೂ

ಪುತ್ತೂರಿನ ಅಡಿಕೆ ವರ್ತಕರೊಬ್ಬರ ಮನೆಯಲ್ಲಿ 2025ರ ದೀಪಾವಳಿಯಂದು ಭಗವಾನ್ ಮಹಾವೀರರ ನಿರ್ವಾಣ ಪೂಜೆಯೂ ಅಂಗಡಿಯ ಲೆಕ್ಕದ ಪುಸ್ತಕಗಳ ಪೂಜೆಯೂ ಮುಗಿದ ಮೇಲೆ, ಕಿರಿಯ ಮಗನು ತಂದೆಯ ಮುಂದೆ ಎರಡು ಹಾಳೆಗಳನ್ನಿರಿಸಿ ನಿಂತನು. ಸುಳ್ಯದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಅವನಿಗೆ ಒಂದು ಗೇಮಿಂಗ್ ಕಂಪ್ಯೂಟರ್ ಬೇಕಾಗಿತ್ತು. ಓದಿಗೆ ಬೇಕೆಂಬ ನೆಪವನ್ನು ಅವನು ಒಡ್ಡಲಿಲ್ಲ. ಓದಿಗೂ ಆದೀತು, ಮುಖ್ಯವಾಗಿ ಆಟಕ್ಕೆ ಎಂದೇ ಹೇಳಿದನು. ನೆಪ ಒಡ್ಡಿದ್ದರೆ ಕೆಲಸ ಅಂದೇ ಆಗಿಹೋಗುತ್ತಿತ್ತು. ನಿಜವನ್ನು ಹೇಳಿದ್ದರಿಂದ ಎರಡೂವರೆ ತಿಂಗಳು ಹಿಡಿಯಿತು.

ಮೊದಲನೆಯ ಹಾಳೆಯಲ್ಲಿ ಪ್ರಸಿದ್ಧ ಕಂಪನಿಯೊಂದರ ಸಿದ್ಧಯಂತ್ರದ ವಿವರವಿತ್ತು. ಬೆಲೆ ತೆರಿಗೆ ಸೇರಿ 1,18,000 ರೂಪಾಯಿ. ಎರಡನೆಯದರಲ್ಲಿ ಬಿಡಿಭಾಗಗಳ ಪಟ್ಟಿ: ರೈಜನ್ ಪ್ರೊಸೆಸರ್, ಮದರ್‌ಬೋರ್ಡ್, 32 ಜಿಬಿ ರ್‍ಯಾಮ್, ಆರ್‌ಟಿಎಕ್ಸ್ 5060 ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ, ವಿದ್ಯುತ್ತನ್ನು ಹಂಚುವ ಎಸ್‌ಎಂಪಿಎಸ್, ಕ್ಯಾಬಿನೆಟ್, ಮಾನಿಟರ್. ಇವನ್ನು ತರಿಸಿ ತಾನೇ ಜೋಡಿಸಿಕೊಂಡರೆ 98,000 ಆಗುವುದೆಂದು ಅವನ ಲೆಕ್ಕ.

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ. ಇನ್ನು ಕಂಪ್ಯೂಟರನ್ನೂ ಕಟ್ಟಿ ನೋಡಬೇಕೋ?” ಎಂದು ತಂದೆ ನಕ್ಕರು.

“ಕಟ್ಟುವುದೇನೂ ಕಷ್ಟವಿಲ್ಲ ಅಪ್ಪಾ. ಸಿದ್ಧಯಂತ್ರದ ಒಳಗೆ ಏನು ಹಾಕಿದ್ದಾರೆಂದು ತಿಳಿಯುವುದು ಕಷ್ಟ. ನೀವೇ ಹೇಳುತ್ತೀರಲ್ಲ, ಗೋಣಿಯ ಬಾಯಲ್ಲಿ ಚೆನ್ನಾದ ಚಾಲಿ, ತಳದಲ್ಲಿ ಪಟೋರ ಎಂದು” ಎಂದನು ಮಗ.

ಈ ಹೋಲಿಕೆ ತಂದೆಯ ಮನಸ್ಸಿಗೆ ನಾಟಿತು. ಸಿದ್ಧಯಂತ್ರಗಳಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡುಗಳ ಹೆಸರು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿರುತ್ತದೆ. ಗಿರಾಕಿ ಕೇಳದಿರುವ ಕಡೆಗಳಲ್ಲಿ ಮಿತವ್ಯಯವಾಗುವುದುಂಟು: ರ್‍ಯಾಮ್ ಎರಡು ಪಟ್ಟಿಗಳ ಬದಲು ಒಂದೇ ಇರುತ್ತದೆ, ಎಸ್‌ಎಂಪಿಎಸ್ ಬೇಕಾದಷ್ಟಕ್ಕೆ ಮಾತ್ರ ಸಾಲುವಂತಿರುತ್ತದೆ. ಕೆಲವು ಕಂಪನಿಗಳ ಮದರ್‌ಬೋರ್ಡ್ ಮತ್ತು ಎಸ್‌ಎಂಪಿಎಸ್ ಅವರದೇ ಅಳತೆಯವು; ಕೆಟ್ಟರೆ ಪೇಟೆಯ ಸಾಮಾನ್ಯ ಭಾಗ ಕೂಡುವುದಿಲ್ಲ. ಇದನ್ನು ಪ್ರತಿರೂಪಕ ವ್ಯವಹಾರವೆನ್ನಲು ಬರುವುದಿಲ್ಲ, ಏಕೆಂದರೆ ಕಂಪನಿಯು ಸುಳ್ಳು ಹೇಳಿರುವುದಿಲ್ಲ. ಕೇಳದವನಿಗೆ ಹೇಳಿರುವುದಿಲ್ಲ, ಅಷ್ಟೆ. ಅಡಿಕೆ ವ್ಯಾಪಾರದಲ್ಲಿ ಮೂವತ್ತು ವರ್ಷ ಕಳೆದವರಿಗೆ ಈ ಎರಡರ ನಡುವಿನ ಅಂತರ ಎಷ್ಟು ತೆಳುವೆಂಬುದು ಗೊತ್ತಿರುತ್ತದೆ.

ಸಿದ್ಧಯಂತ್ರದ ಪಕ್ಷದಲ್ಲಿಯೂ ಮಾತಿಲ್ಲದಿಲ್ಲ. ಅದಕ್ಕೆ ಒಂದೇ ವಾರಂಟಿ, ಒಂದೇ ದೂರವಾಣಿ ಸಂಖ್ಯೆ. ಕಟ್ಟಿದ ಯಂತ್ರದಲ್ಲಿ ಒಂದೊಂದು ಭಾಗಕ್ಕೆ ಒಂದೊಂದು ಕಂಪನಿ, ಒಂದೊಂದು ಅವಧಿ. ಕೆಟ್ಟದ್ದು ಯಾವುದೆಂದು ಮೊದಲು ತಾನೇ ಕಂಡುಹಿಡಿಯಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಬಳಿ ಇರುವವನು ಸಂಜೆಗೆ ಬದಲಿ ಭಾಗ ತಂದುಕೊಂಡಾನು, ಸುಳ್ಯದಲ್ಲಿರುವವನು ಕೊರಿಯರನ್ನು ಕಾಯಬೇಕು. ಅದರ ಮೇಲೆ ಈ ಸೀಮೆಯ ಸಿಡಿಲು. ಮಳೆಗಾಲದ ಮೊದಲಿಗೂ ಕೊನೆಗೂ ಬರುವ ಗುಡುಗಿನ ಸಂಜೆಗಳಲ್ಲಿ ಮೋಡೆಮ್ ಸುಟ್ಟುಕೊಳ್ಳದ ಮನೆ ಪುತ್ತೂರು, ಸುಳ್ಯ, ಕಡಬಗಳ ಕಡೆ ಅಪರೂಪ. ಬೇಸಿಗೆಯಲ್ಲಿ ತೋಟಗಳ ಪಂಪುಗಳು ಏಕಕಾಲಕ್ಕೆ ಓಡುವಾಗ ವೋಲ್ಟೇಜು ಕುಸಿಯುವುದು ಬೇರೆ. ಹೀಗಾಗಿ ಯಾವ ಯಂತ್ರವಾದರೂ ಯುಪಿಎಸ್ ಬೇಕು, ಗುಡುಗಿದೊಡನೆ ವಿದ್ಯುತ್ತಿನ ತಂತಿಯ ಜೊತೆಗೆ ಇಂಟರ್‌ನೆಟ್ಟಿನ ತಂತಿಯನ್ನೂ ಕೀಳಬೇಕು. ಆಡುವಾಗ ಅಂತಹ ಯಂತ್ರ ಸುಮಾರು 350 ವಾಟ್ ಎಳೆಯುವುದೆಂದು ಹಿಡಿದರೂ ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ 31 ಯೂನಿಟ್ ದಾಟುತ್ತದೆ. ಇದನ್ನು ಮಗನ ಹಾಳೆಯಲ್ಲಿ ಬರೆದಿರಲಿಲ್ಲ. ತಂದೆ ಪೆನ್ಸಿಲಿನಿಂದ ಬರೆದರು.

ಇಷ್ಟರವರೆಗೆ ಇದು ಯಾವ ಮನೆಯಲ್ಲಾದರೂ ನಡೆಯುವ ಮಾತು. ವಿಷಯ ಬೇರೆ ದಾರಿ ಹಿಡಿದದ್ದು ಮರುವಾರ. ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿದ್ದ ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು, ಯಂತ್ರ ಹಳೆಯದಾದ್ದರಿಂದ ವಿಂಡೋಸ್ 11 ಅದಕ್ಕೆ ಹಿಡಿಸುತ್ತಿರಲಿಲ್ಲ. ಬಿಲ್ಲು ಬರೆಯಲು ಹೊಸದೊಂದು ಬೇಕೇ ಆಗಿತ್ತು. ಆಗ ಲೆಕ್ಕಪತ್ರ ನೋಡುವವರು ಸಹಜವಾಗಿ ಒಂದು ಮಾತು ಹೇಳಿದರು: ಹುಡುಗನ ಸಿದ್ಧಯಂತ್ರವನ್ನು ಅಂಗಡಿಯ ಹೆಸರಿನಲ್ಲಿ ಕೊಳ್ಳಿರಿ. 1,18,000ದಲ್ಲಿ 18,000 ಜಿಎಸ್‌ಟಿ; ಅದು ಇನ್‌ಪುಟ್ ಕ್ರೆಡಿಟ್ಟಾಗಿ ಹಿಂದಕ್ಕೆ ಬರುತ್ತದೆ. ಉಳಿದ ಒಂದು ಲಕ್ಷದ ಮೇಲೆ ಶೇಕಡ 40ರ ಸವಕಳಿ; ವರ್ಷದಲ್ಲಿ 180 ದಿನ ಉಳಿದಿಲ್ಲವಾದ್ದರಿಂದ ಈ ಸಲ ಅದರ ಅರ್ಧ, 20,000. ಅದರಿಂದ ಆದಾಯ ತೆರಿಗೆಯಲ್ಲಿ ಸುಮಾರು 6,000 ಉಳಿತಾಯ. ಅಲ್ಲಿಗೆ ಸಿದ್ಧಯಂತ್ರ ಬೀಳುವುದು 94,000ಕ್ಕೆ. ಕಟ್ಟಿದ್ದಕ್ಕಿಂತ ಅಗ್ಗ!

ಇದೇ ಹೊತ್ತಿಗೆ ಬಿಡಿಭಾಗಗಳ ಬೆಲೆ ವಿಚಾರಿಸಿದ್ದ ದೂರದ ಅಂಗಡಿಯೊಂದರಿಂದ ಬಿಲ್ಲು ಬೇಡವೆಂದರೆ 88,000ಕ್ಕೆ ಕೊಡುವೆವೆಂಬ ಮಾತು ಬಂದಿತು. ಹೀಗೆ ಕೊಳ್ಳುವುದೋ ಕಟ್ಟುವುದೋ ಎಂಬ ಪ್ರಶ್ನೆ ಯಾವ ಸುಳ್ಳು ಹೆಚ್ಚು ಲಾಭದ್ದು ಎಂಬ ಪ್ರಶ್ನೆಯಾಗಿ ಮಾರ್ಪಟ್ಟದ್ದು ಯಾರ ಗಮನಕ್ಕೂ ಬರಲಿಲ್ಲ. ಒಂದು ಬೆಲೆಯಲ್ಲಿ ಕೂಟಲೇಖಕ್ರಿಯೆ ಇತ್ತು, ಇನ್ನೊಂದರಲ್ಲಿ ವಿರುದ್ಧರಾಜ್ಯಾತಿಕ್ರಮವಿತ್ತು. ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೂ ಅಚೌರ್ಯಾಣುವ್ರತಕ್ಕೂ ಹೇಳಿರುವ ಅತಿಚಾರಗಳ ಪಟ್ಟಿಯಲ್ಲಿ ಈ ಎರಡೂ ಹೆಸರು ಹಿಡಿದು ಬಂದಿವೆ. ಪರ್ಯೂಷಣದ ದಿನಗಳಲ್ಲಿ ವರ್ಷವರ್ಷವೂ ಕೇಳುವ ಶಬ್ದಗಳು. ಆದರೆ ಪ್ರವಚನದಲ್ಲಿ ಕೇಳುವಾಗ ಅವು ಬೇರೆ ಯಾರದೋ ಅಂಗಡಿಯ ಕಥೆಯೆಂದು ತೋರುತ್ತವೆ. ಅಂಗಡಿಗೆ ಕಂಪ್ಯೂಟರ್ ನಿಜವಾಗಿ ಬೇಕಾಗಿದ್ದುದರಿಂದ ಈ ಸಲದ ಸುಳ್ಳು ಮುಕ್ಕಾಲು ನಿಜದ ವೇಷದಲ್ಲಿ ಬಂದಿತ್ತು. ಬಿಲ್ಲು ಬರೆಯುವ ಕೆಲಸಕ್ಕೆ 35,000ದ ಸಾಧಾರಣ ಯಂತ್ರ ಸಾಕು, ಅದರ ಕ್ರೆಡಿಟ್ ಪಡೆಯುವುದು ನ್ಯಾಯ. ಸುಳ್ಯದ ಹುಡುಗನ ಕೋಣೆಯಲ್ಲಿ ಆಟವಾಡುವ ಯಂತ್ರ ಅಂಗಡಿಯ ಆಸ್ತಿಯಾಗುವುದು ಹೇಗೆ?

ತಂದೆಗೆ ನಿದ್ದೆ ಚೆನ್ನಾಗಿ ಬರಲಿಲ್ಲ. ಭಾನುವಾರ ಎರಡೂ ಹಾಳೆಗಳನ್ನು ಜೇಬಿನಲ್ಲಿರಿಸಿಕೊಂಡು ಮಗನೊಡನೆ ಕಡಬದ ಕಡೆಯ ತೋಟದ ಮನೆಗೆ ಹೋದರು. ಅಲ್ಲಿ ಅಜ್ಜನಿದ್ದಾರೆ. 1993ರ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳಕ್ಕೆ ಹೋದಾಗ ಪರಿಗ್ರಹ ಪರಿಮಾಣ ವ್ರತ ತೆಗೆದುಕೊಂಡವರು. ಕ್ಷೇತ್ರ, ವಾಸ್ತು, ಧನ, ಧಾನ್ಯವೆಂದು ಮೊದಲಾಗುವ ದಶವಿಧ ಬಾಹ್ಯಪರಿಗ್ರಹಗಳಿಗೆ ಒಂದು ನೋಟುಪುಸ್ತಕದಲ್ಲಿ ಮೇರೆ ಬರೆದಿಟ್ಟಿದ್ದಾರೆ. ಯಂತ್ರಗಳೆಂಬುದು ಆ ಹತ್ತರಲ್ಲಿಲ್ಲವಾದ್ದರಿಂದ ಕೊನೆಗೊಂದು ಸಾಲು ತಾವೇ ಸೇರಿಸಿದ್ದರು: ಪಂಪು ಒಂದು, ಔಷಧಿ ಸಿಂಪಡಿಸುವುದು ಒಂದು, ರೇಡಿಯೋ ಒಂದು, ಹೊಸದು ಬಂದರೆ ಹಳೆಯದು ಮನೆಯಿಂದ ಹೋಗತಕ್ಕದ್ದು. 2018ರ ಮಹಾಮಸ್ತಕಾಭಿಷೇಕದ ಬಳಿಕ ಮಗನೂ ವ್ರತ ಹಿಡಿದಾಗ ಈ ಸಾಲನ್ನೇ ನಕಲು ಮಾಡಿಕೊಂಡಿದ್ದರು.

ಅಜ್ಜ ಹಾಳೆಗಳನ್ನು ನೋಡಿ, ಬೆಲೆಗಳ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸಿದರು. “ಯಾರು ಆಡುತ್ತಾನೋ ಅವನ ಅಪ್ಪನ ಹೆಸರಿನಲ್ಲಿ ಬಿಲ್ಲಾಗಲಿ” ಎಂದರು. ಅವರಿಗೆ ಕೇಳಬೇಕಾದದ್ದು ಬೇರೆ ಇತ್ತು.

“ಹಣ ಕಟ್ಟಿ ಆಡುವ ಆಟವೋ ಮಗಾ?”

“ಅಲ್ಲ ಅಜ್ಜ. ಅದನ್ನು 2025ರಲ್ಲಿ ಕಾನೂನೇ ನಿಷೇಧಿಸಿದೆ.”

“ಕಾನೂನಿಗಿಂತ ಮೊದಲೇ ಸಪ್ತವ್ಯಸನದಲ್ಲಿ ದ್ಯೂತವಿದೆ. ಮತ್ತೆ ಇದರಲ್ಲಿ ಏನು ಮಾಡುವುದು?”

ಕಾರು ಓಡಿಸುವುದು, ಚೆಂಡಾಟ, ನಗರ ಕಟ್ಟುವುದು ಎಂದು ಹೇಳಿ ಹುಡುಗ ಸ್ವಲ್ಪ ತಡೆದು, ಗುಂಡು ಹಾರಿಸುವುದೂ ಇದೆ ಎಂದನು.

ಅಜ್ಜ ಯಶೋಧರನ ಕಥೆ ಎತ್ತಿದರು. ಜನ್ನನು 1209ರಲ್ಲಿ ಕನ್ನಡದಲ್ಲಿ ಬರೆದ ಆ ಕಥೆ ಜೈನರ ಮನೆಗಳಲ್ಲಿ ಹೊಸದಲ್ಲ. ದುಃಸ್ವಪ್ನದ ಪರಿಹಾರಕ್ಕೆ ಪ್ರಾಣಿಬಲಿ ಕೊಡೆಂದು ತಾಯಿ ಒತ್ತಾಯಿಸಿದಾಗ ಅರಸನು ಒಪ್ಪದೆ, ಕೊನೆಗೆ ಹಿಟ್ಟಿನ ಕೋಳಿಯೊಂದನ್ನು ಕಡಿದನು. ಜೀವವಿಲ್ಲದ ಹಿಟ್ಟು. ಆದರೂ ಕಡಿಯುವಾಗ ಅದು ಕೂಗಿತು, ಆ ಒಂದು ಸಂಕಲ್ಪಕ್ಕಾಗಿ ತಾಯಿಮಗ ಇಬ್ಬರೂ ತಿರ್ಯಗ್ಜನ್ಮಗಳಲ್ಲಿ ತೊಳಲಿದರು. ಪಂಡಿತ ಆಶಾಧರರು 13ನೆಯ ಶತಮಾನದಲ್ಲಿ ಇನ್ನೂ ಮುಂದಕ್ಕೆ ಹೋಗಿ, ಬೇಟೆಯನ್ನು ತ್ಯಜಿಸಿದ ಶ್ರಾವಕನು ಬಟ್ಟೆ, ನಾಣ್ಯ ಮೊದಲಾದವುಗಳ ಮೇಲಿರುವ ಜೀವಿಗಳ ರೂಪವನ್ನೂ ಕತ್ತರಿಸಬಾರದೆಂದು ಸಾಗಾರ ಧರ್ಮಾಮೃತದಲ್ಲಿ ವಿಧಿಸಿದ್ದಾರೆ. ಪರದೆಯ ಮೇಲಿನ ಆಕೃತಿಗೆ ಈ ಮಾತು ಎಂಟು ಶತಮಾನ ಮೊದಲೇ ಹೇಳಿಟ್ಟಂತಿದೆ.

ಹುಡುಗನ ಉತ್ತರವೂ ತೆಗೆದುಹಾಕುವಂಥದ್ದಲ್ಲ. “ಅಜ್ಜ, ಯಶೋಧರನು ಕೋಳಿಯ ಬದಲಿಗೆ ಹಿಟ್ಟನ್ನು ಕಡಿದ. ಅವನ ಮನಸ್ಸಿನಲ್ಲಿ ಕೋಳಿಯೇ ಇತ್ತು. ನನ್ನ ಮನಸ್ಸಿನಲ್ಲಿ ಯಾರೂ ಇಲ್ಲ, ಗೆಲ್ಲಬೇಕೆಂಬುದು ಮಾತ್ರ. ಚದುರಂಗದಲ್ಲಿ ಆನೆ ಕುದುರೆಗಳನ್ನು ಕಡಿಯುತ್ತೇವೆ ಎನ್ನುವುದಿಲ್ಲವೇ?”

ಅಜ್ಜ ಒಡನೆ ಉತ್ತರಿಸಲಿಲ್ಲ. ಶಾಸ್ತ್ರ ಬಲ್ಲವರು ಮೊಮ್ಮಕ್ಕಳೊಡನೆ ವಾದಿಸುವಾಗ ಈ ಮೌನವನ್ನು ಅಷ್ಟಾಗಿ ಬಳಸುವುದಿಲ್ಲ. ಮುಂದಿನ ವಾರ ಅವರು ಬಸ್ಸು ಹಿಡಿದು ಸುಳ್ಯಕ್ಕೆ ಹೋದರು. ಸೋದರಮಾವನ ಮಗನ ಯಂತ್ರದಲ್ಲಿ ಮೊಮ್ಮಗನು ಆಡುವುದನ್ನು ಪಕ್ಕದಲ್ಲಿ ಕುಳಿತು ಒಂದು ಗಂಟೆ ನೋಡಿದರು. ಪರದೆಗಿಂತ ಅವನ ಮುಖವನ್ನೇ ಹೆಚ್ಚು ನೋಡಿದರು. ಕಾರಿನ ಆಟದಲ್ಲಿ ಹುಡುಗ ಮಾತನಾಡುತ್ತಿದ್ದ, ಸೋತಾಗ ನಗುತ್ತಿದ್ದ. ಗುಂಡಿನ ಆಟದಲ್ಲಿ ಮಾತು ನಿಂತಿತು. ಎದುರಾಳಿ ಬಿದ್ದಾಗ ಬಾಯಿಂದ ಒಂದು ಶಬ್ದ ಹೊರಟಿತು. ಅಜ್ಜ ಕೇಳಿದ್ದು ಇಷ್ಟೇ: “ಈಗ ಒಂದು ಮಾತು ಅಂದೆಯಲ್ಲ, ಅದನ್ನು ಅಂದದ್ದು ನಿನಗೆ ಗೊತ್ತಾಯಿತೋ?”

ಹುಡುಗನಿಗೆ ಗೊತ್ತಾಗಿರಲಿಲ್ಲ. ರೌದ್ರಧ್ಯಾನದಲ್ಲಿ ಹಿಂಸಾನಂದವೆಂಬ ಭೇದವನ್ನು ಆಚಾರ್ಯರು ಹೇಳಿರುವುದು ಶಸ್ತ್ರದ ವಿಷಯವಾಗಿ ಅಲ್ಲ, ಆನಂದದ ವಿಷಯವಾಗಿ. ಅಜ್ಜ ಅದನ್ನು ಹೇಳಲಿಲ್ಲ, ಹೇಳಿದ್ದರೆ ಪಾಠವಾಗುತ್ತಿತ್ತು. ಚಹಾ ಕುಡಿದು ಕಡಬದ ಬಸ್ಸು ಹತ್ತಿದರು.

ಈ ವಿಚಾರಗಳು ನಡೆಯುತ್ತಿರುವಾಗ ಪೇಟೆ ಕಾಯಲಿಲ್ಲ. ಎಐ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮಿನ ಬೆಲೆ ಜಗತ್ತಿನಾದ್ಯಂತ ಏರಿತು. ಮೈಕ್ರಾನ್ ಕಂಪನಿಯು ಸಾಮಾನ್ಯ ಗಿರಾಕಿಗಳಿಗೆ ಕ್ರೂಷಿಯಲ್ ಹೆಸರಿನಲ್ಲಿ ಮಾರುತ್ತಿದ್ದ ವ್ಯಾಪಾರವನ್ನೇ ಬಿಡುವುದಾಗಿ ಡಿಸೆಂಬರಿನಲ್ಲಿ ಸಾರಿತು. ಹುಡುಗನ ಪಟ್ಟಿಯ 32 ಜಿಬಿ ರ್‍ಯಾಮಿನ ಬೆಲೆ ಎರಡು ಪಟ್ಟನ್ನೂ ಮೀರಿತು. ಧರ್ಮವಿಚಾರಕ್ಕೆ ತೆತ್ತ ಬಡ್ಡಿ ಇದು ಎಂದು ತಂದೆ ಬೇಸರಪಟ್ಟರೆ ಅವರನ್ನು ಆಕ್ಷೇಪಿಸಲಾಗದು.

ಆಗ ಹುಡುಗ ಮೂರನೆಯ ಹಾಳೆ ಬರೆದನು. ಕಟ್ಟುವ ಯಂತ್ರದಲ್ಲಿರುವ ಸೌಕರ್ಯ ಇದು. ಸಿದ್ಧಯಂತ್ರದ ಹಾಳೆಯಲ್ಲಿ ಹೊಡೆದುಹಾಕಲು ಸಾಲುಗಳೇ ಇರಲಿಲ್ಲ. ಗ್ರಾಫಿಕ್ಸ್ ಕಾರ್ಡನ್ನು ತೆಗೆದನು. ಅದರ ಬದಲಿಗೆ ಚಿತ್ರಗಳನ್ನು ಮೂಡಿಸುವ ಶಕ್ತಿಯನ್ನು ತನ್ನೊಳಗೇ ಹೊಂದಿರುವ ರೈಜನ್ 5 8600ಜಿ ಪ್ರೊಸೆಸರ್. ಕಾರಿನ ಆಟಕ್ಕೂ ಚೆಂಡಾಟಕ್ಕೂ ಸಾಧಾರಣ ಮಟ್ಟದಲ್ಲಿ ಸಾಕು. ರ್‍ಯಾಮ್ 16 ಜಿಬಿ, ಆದರೆ 8ರ ಎರಡು ಪಟ್ಟಿ. ಅಂತಹ ಪ್ರೊಸೆಸರ್ ಚಿತ್ರಕ್ಕೂ ರ್‍ಯಾಮನ್ನೇ ಆಶ್ರಯಿಸುವುದರಿಂದ ಎರಡು ಪಟ್ಟಿಗಳು ಜೊತೆಯಾಗಿ ದುಡಿಯಬೇಕು. ಮಾನಿಟರ್ ಹೊಸದು ಬೇಡ, ಅಂಗಡಿಯದು ಇದೆ. ಒಟ್ಟು 67,000.

ತಂದೆ ಒಂದೊಂದು ಸಾಲಿಗೂ ಏಕೆಂದು ಕೇಳಿದರು. “ಕಾರ್ಡೇ ಇಲ್ಲದ ಮೇಲೆ 650 ವಾಟಿನ ಎಸ್‌ಎಂಪಿಎಸ್ ಏಕೆ?”

“ಮುಂದೆ ಕಾರ್ಡು ಹಾಕುವುದಾದರೆ ಇದನ್ನು ಎಸೆಯಬೇಕಾಗಬಾರದು, ಅದಕ್ಕೆ.”

“ಹಾಕುತ್ತೀಯೋ?”

“ಗೊತ್ತಿಲ್ಲ ಅಪ್ಪಾ” ಎಂದನು. ಗುಂಡಿನ ಆಟ ಬಿಡುವೆನೆಂದು ಅವನು ಪ್ರತಿಜ್ಞೆಯನ್ನೇನೂ ಮಾಡಲಿಲ್ಲ, ಮಾಡೆಂದು ಯಾರೂ ಕೇಳಲಿಲ್ಲ. ಕೇಳಿ ಪಡೆದ ಪ್ರತಿಜ್ಞೆ ಈ ವಯಸ್ಸಿನಲ್ಲಿ ಮುರಿಯುವುದಕ್ಕೇ ಇರುತ್ತದೆ ಎಂಬುದು ಅಜ್ಜನ ಅಭಿಪ್ರಾಯ.

2026ರ ಜನವರಿಯ ಒಂದು ಶನಿವಾರ ಸುಳ್ಯದ ಮನೆಯ ಜಗಲಿಯಲ್ಲಿ ಭಾಗಗಳು ಕೂಡಿದವು. ಬಿಲ್ಲು ತಂದೆಯ ಸ್ವಂತ ಹೆಸರಿನಲ್ಲಿತ್ತು. ಅಂಗಡಿಗೆ ಬೇರೆ ಸಾಧಾರಣ ಯಂತ್ರ, ಬೇರೆ ಬಿಲ್ಲು. ಜೋಡಿಸಿ ಗುಂಡಿ ಒತ್ತಿದಾಗ ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. 67,000 ರೂಪಾಯಿ ಹೋಯಿತೆಂದು ತಂದೆ ಎದ್ದು ನಿಂತರು. ಈ ಜಾತಿಯ ಮದರ್‌ಬೋರ್ಡ್ ಮೊದಲ ಸಲ ರ್‍ಯಾಮನ್ನು ಪರೀಕ್ಷಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ, ಆರಿಸಬಾರದು ಎಂದು ಹುಡುಗ ಹೇಳುತ್ತಿದ್ದನಾದರೂ ಅವನ ಧ್ವನಿಯೂ ನಡುಗುತ್ತಿತ್ತು. ಅಜ್ಜ ಕಣ್ಣು ಮುಚ್ಚಿ ಣಮೋಕಾರ ಹೇಳಿಕೊಳ್ಳುತ್ತಿದ್ದರು. ಮೂರನೆಯ ಆವರ್ತನೆಯಲ್ಲಿ ಪರದೆ ಬೆಳಗಿತು.

ಅಂಗಡಿಯ ಹಳೆಯ ಯಂತ್ರವನ್ನು ಇ-ತ್ಯಾಜ್ಯಕ್ಕೆ ಕೊಡುವ ಮೊದಲು ಹುಡುಗ ಅದಕ್ಕೆ ಲಿನಕ್ಸ್ ಹಾಕಿ ನೋಡಿದನು, ನಡೆಯಿತು. ತೋಟದ ಕೂಲಿಯ ಲೆಕ್ಕಕ್ಕೆ ಅದು ಕಡಬಕ್ಕೆ ಹೋಗಬಹುದಿತ್ತು. ಅಜ್ಜ ನೋಟುಪುಸ್ತಕ ತೆರೆದು ತಮ್ಮ ಕೊನೆಯ ಸಾಲನ್ನು ಓದಿದರು. ಅದನ್ನು ತೆಗೆದುಕೊಂಡರೆ ರೇಡಿಯೋ ಹೋಗಬೇಕಾಗುತ್ತದೆ. ಮಂಗಳೂರು ಆಕಾಶವಾಣಿಯನ್ನು ಬಿಡಲು ಮನಸ್ಸಾಗಲಿಲ್ಲ. ಯಂತ್ರವನ್ನು ಪಕ್ಕದ ಮನೆಯ ಶಾಲೆಗೆ ಹೋಗುವ ಹುಡುಗಿಗೆ ಕೊಡಿಸಿದರು. ಗುಡುಗುವಾಗ ಎರಡು ತಂತಿಗಳನ್ನೂ ಕೀಳಬೇಕೆಂದು ಅವಳಿಗೆ ಎರಡು ಸಲ ಹೇಳಿದರು.