ಮಾತ್ರೆ ಏಕೆ ಹೆಚ್ಚಾಯಿತು?

ಮನೋರೋಗದ ವಾರ್ಡಿನಲ್ಲಿ ಮಗನನ್ನು ನೋಡಿ ಬಂದ ತಾಯಂದಿರು ನನ್ನನ್ನು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: "ಸ್ವಾಮಿ, 2 ಮಿಲಿಗ್ರಾಂ ಇದ್ದ ಮಾತ್ರೆಯನ್ನು 4 ಮಾಡಿದ್ದಾರೆ. ಮಗ ಸದಾ ಮಲಗಿಯೇ ಇರುತ್ತಾನೆ. ಇದು ವಾಸಿಯಾಗುವ ಲಕ್ಷಣವೇ?"

ನಾನು ವೈದ್ಯನಲ್ಲ. ಇಂತಹ ಮನೆಗಳಿಗೆ ಹೋಗಿಬರುತ್ತಾ, ಬಲ್ಲವರಿಂದ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ರೋಗ ಉಲ್ಬಣಿಸಿದಾಗ ವೈದ್ಯರ ಮುಂದೆ ಎರಡು ಕೆಲಸಗಳಿರುತ್ತವೆ. ಉದ್ವೇಗವನ್ನು ತಣಿಸುವುದು ಮೊದಲನೆಯದು. ಚುಚ್ಚುಮದ್ದಿನಿಂದ ಅದು ಬೇಗನೆ ಸಾಧ್ಯ. ಇಲ್ಲದ ದನಿಗಳನ್ನೂ, ಮನೆಯವರ ಮೇಲಿನ ಸಂಶಯವನ್ನೂ ಅಡಗಿಸುವುದು ಎರಡನೆಯದು. ಅದಕ್ಕೆ ವಾರಗಳೇ ಬೇಕಾದೀತು. ಈ ಮಾತ್ರೆಗಳು ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಪ್ರಭಾವವನ್ನು ತಡೆಯುತ್ತವೆ. ಒಂದು ಹಂತ ದಾಟಿದ ಮೇಲೆ ಪ್ರಮಾಣ ಏರಿಸಿದರೆ ಗುಣ ಹೆಚ್ಚುವುದಿಲ್ಲ. ಕೈನಡುಕ, ಸ್ನಾಯುಗಳ ಬಿಗಿತ, ಒಂದೆಡೆ ಕೂರಲಾಗದ ತಳಮಳ ಹೆಚ್ಚುತ್ತವೆ. ಆದ್ದರಿಂದಲೇ ರಿಸ್ಪೆರಿಡೋನ್ ಮಾತ್ರೆಯನ್ನು ಸಾಮಾನ್ಯವಾಗಿ 2 ಮಿಲಿಗ್ರಾಂನಿಂದ ತೊಡಗಿ, ನೋಡಿಕೊಂಡು 4ಕ್ಕೋ 6ಕ್ಕೋ ಏರಿಸುತ್ತಾರೆ. "ಇನ್ನೂ ಹೆಚ್ಚು ಕೊಡಿ" ಎಂದು ಒತ್ತಾಯಿಸುವ ತಂದೆ, "ನಿಲ್ಲಿಸಿಬಿಡಿ" ಎನ್ನುವ ತಾಯಿ ಒಂದೇ ಮನೆಯಲ್ಲಿರುವುದನ್ನು ಕಂಡಿದ್ದೇನೆ. ಕಾಯುವುದು ಇಬ್ಬರಿಗೂ ಕಷ್ಟ.

ಅನೇಕರು ಅರಿಯದ ಸಂಗತಿಯೊಂದಿದೆ. ಬೀಡಿ, ಸಿಗರೇಟಿನ ಹೊಗೆಯಿಂದಾಗಿ ಓಲಂಜಪಿನ್, ಕ್ಲೋಜಪಿನ್ ಮಾತ್ರೆಗಳು ದೇಹದಲ್ಲಿ ಬೇಗ ಕರಗಿಹೋಗುತ್ತವೆ. ತಪಸ್ಸುಕಾಲದಲ್ಲಿ ಬೀಡಿ ಬಿಡುವವರನ್ನು ನಾವು ಮೆಚ್ಚುತ್ತೇವೆ, ಸರಿಯೇ. ಆದರೆ ಈ ಮಾತ್ರೆ ಸೇವಿಸುವವನು ಬೀಡಿ ಬಿಟ್ಟರೆ ಕೆಲವೇ ದಿನಗಳಲ್ಲಿ ಅದೇ ಮಾತ್ರೆ ರಕ್ತದಲ್ಲಿ ಹೆಚ್ಚಾಗುತ್ತದೆ. ಮೊದಲೇ ತಿಳಿಸಿದರೆ ವೈದ್ಯರು ಪ್ರಮಾಣವನ್ನು ತಗ್ಗಿಸಬಲ್ಲರು. ಇನ್ನು, ಔಷಧ ಸೇವಿಸಿದರೆ ಪರಮಪ್ರಸಾದಕ್ಕೆ ಮುಂಚಿನ ಉಪವಾಸ ಭಂಗವಾಗುವುದಿಲ್ಲ. ಆ ನೆಪದಲ್ಲಿ ಬೆಳಗಿನ ಮಾತ್ರೆ ತಪ್ಪಿಸಬೇಡಿ.

ನಿಜವಾದ ಅಪಾಯವಿರುವುದು ಮಗ ಚೇತರಿಸಿಕೊಂಡ ಮೇಲೆ. ಮನೆಯಲ್ಲಿ ಮದುವೆಯ ಮಾತು ಮೊದಲಾಗುತ್ತದೆ, ಮಾತ್ರೆಗಳು ಬೀರು ಸೇರುತ್ತವೆ. ಕೆಲವು ವಾರ ಏನೂ ಆಗದಿರಬಹುದು. ತಿಂಗಳುಗಳು ಕಳೆದು ರೋಗ ಮರಳಿದಾಗ ಬಿಟ್ಟ ಮಾತ್ರೆಯ ನೆನಪು ಯಾರಿಗೂ ಬಾರದು, ಮಾಟವೆನ್ನುತ್ತಾರೆ. ಮೊದಲ ಬಾರಿ ರೋಗ ಕಂಡವರಿಗೂ ಗುಣವಾದ ನಂತರ ಸಾಮಾನ್ಯವಾಗಿ ಒಂದೆರಡು ವರ್ಷ ಮಾತ್ರೆ ಮುಂದುವರಿಸಿ, ಆಮೇಲೆ ವೈದ್ಯರೇ ನಿಧಾನವಾಗಿ ಇಳಿಸುತ್ತಾರೆ.

ಆ ತಾಯಂದಿರಿಗೆ ನಾನು ಹೇಳುವುದಿಷ್ಟೆ: ಒಂದು ಸಣ್ಣ ಪುಸ್ತಕವಿಡಿ. ರಾತ್ರಿ ಎಷ್ಟು ಹೊತ್ತು ಮಲಗಿದ, ಏನು ತಿಂದ, ಕೈ ನಡುಗಿತೇ, ಯಾವ ಮಾತ್ರೆ ತಪ್ಪಿತು, ಎಲ್ಲವನ್ನೂ ಬರೆದು ವೈದ್ಯರ ಮುಂದಿಡಿ. ಜ್ವರದೊಡನೆ ಮೈ ಸೆಟೆದರೆ ಮಾತ್ರ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯದೆ, ಅದೇ ಕ್ಷಣ ಆಸ್ಪತ್ರೆಗೆ ಹೊರಡಿ.